ರೊಬೇರನ ಹಾಳುಗಳು

ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿ, ಅದೇ ಲೂವ್ರ್ ಕಟ್ಟಡ ಹಾಳುಬಿದ್ದಿರುವಂತೆ ತೋರಿಸುವ ಚಿತ್ರವೊಂದಿದೆ. ಚಿತ್ರವನ್ನು ಬಾನುಲಿಯಲ್ಲಿ ತೋರಿಸಲಾಗದು, ಕೇಳುಗರು ಕಲ್ಪಿಸಿಕೊಳ್ಳಬೇಕು. ಬಲು ಉದ್ದವಾದ ಮಹಾಶಾಲೆಯೊಂದರ ಕಮಾನಿನ ಚಾವಣಿ ಕುಸಿದು ಆಕಾಶ ಕಾಣುತ್ತಿದೆ. ಮುರಿದ ಗೋಡೆಗಳ ನೆತ್ತಿಯ ಮೇಲೆ ಹುಲ್ಲು, ಪೊದೆ. ನೆಲದಲ್ಲಿ ಮೈಕೆಲೇಂಜೆಲೊ ಕಡೆದ ಸೆರೆಯಾಳಿನ ವಿಗ್ರಹ ಬಿದ್ದಿದೆ. ಯಾರೋ ಬಡವರು ಬೆಂಕಿ ಹೊತ್ತಿಸಿಕೊಂಡಿದ್ದಾರೆ. ಇಷ್ಟರ ನಡುವೆ ಅಪೊಲೊ ದೇವತೆಯ ವಿಗ್ರಹವೊಂದು ಭಂಗವಿಲ್ಲದೆ ನಿಂತಿದೆ. ಅದರೆದುರು ಕುಳಿತ ಚಿತ್ರಕಾರನೊಬ್ಬ ಅದನ್ನು ಬರೆದುಕೊಳ್ಳುತ್ತಿದ್ದಾನೆ.

ಈ ಚಿತ್ರವನ್ನು ಯುಬೇರ್ ರೊಬೇರ್ ಪ್ರದರ್ಶಿಸಿದ್ದು 1796ರಲ್ಲಿ. ಆಗ ಆ ಶಾಲೆಗೆ ಏನೂ ಆಗಿರಲಿಲ್ಲ. 1793ರ ಆಗಸ್ಟಿನಲ್ಲಷ್ಟೇ ಅದು ಸಂಗ್ರಹಾಲಯವಾಗಿ ಜನಸಾಮಾನ್ಯರಿಗೆ ತೆರೆದಿತ್ತು. ಅದನ್ನು ಅಣಿಗೊಳಿಸುವ ಹೊಣೆ ಹೊತ್ತವರಲ್ಲಿ ರೊಬೇರನೂ ಒಬ್ಬ. ತಾನೇ ಕಟ್ಟಿ ಬೆಳೆಸಬೇಕಾದ ಮನೆಯನ್ನು ಪಾಳುಬಿದ್ದಂತೆ ಕಾಣುವ ಮನಸ್ಸು ಎಂಥದು?

ಇಲ್ಲದ ಹಾಳುಗಳನ್ನು ಬರೆಯುವ ಪದ್ಧತಿ ಅವನಿಂದ ಮೊದಲಾದುದಲ್ಲ. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನಿಂದ ಹೋಗಿ ರೋಮಿನಲ್ಲೇ ನೆಲೆಸಿದ ಪುಸ್ಸೇನ್, ಕ್ಲೋದ್ ಲೊರೇನ್ ಇವರು ಪುರಾತನ ಕಂಬಗಳನ್ನೂ ಕಮಾನುಗಳನ್ನೂ ತಮ್ಮ ಮನಸ್ಸಿನ ಭೂದೃಶ್ಯಗಳಲ್ಲಿ ನೆಟ್ಟರು. ನಿಜವಾದ ಕಟ್ಟಡಗಳನ್ನು ಇದ್ದ ಜಾಗದಿಂದ ಎತ್ತಿ ಒಯ್ಯಲು ಕ್ಲೋದ್ ಹಿಂಜರಿಯಲಿಲ್ಲ. ರೋಮಿನ ಗುಡ್ಡದ ಮೇಲಿರುವ ಮೆದಿಚಿ ಸೌಧವನ್ನು 1637ರ ಚಿತ್ರದಲ್ಲಿ ಅವನು ಕಡಲ ದಂಡೆಗೆ ತಂದು ನಿಲ್ಲಿಸಿದ. ಇಂಥ ಚಿತ್ರಗಳನ್ನು ಇಟಲಿಯವರು ಕಪ್ರಿಚ್ಚೊ ಎಂದರು, ಅಂದರೆ ಮನದ ಲಹರಿ. ಕ್ಲೋದನ ಲಹರಿಯಲ್ಲಿ ಹಾಳು ಯಾರನ್ನೂ ಅಳಿಸುವುದಿಲ್ಲ. ಸಂಜೆಬಿಸಿಲಿನಂತೆ ಅದೂ ಒಂದು ಸೊಗಸು.

ರೊಬೇರ್ ಹುಟ್ಟಿದ್ದು 1733ರಲ್ಲಿ, ಪ್ಯಾರಿಸಿನಲ್ಲಿ. 1754ರಲ್ಲಿ ಫ್ರೆಂಚ್ ರಾಯಭಾರಿಯ ಆಶ್ರಯದಲ್ಲಿ ರೋಮಿಗೆ ಹೋಗಿ ಹನ್ನೊಂದು ವರ್ಷ ಉಳಿದ. ಪನ್ನೀನಿ, ಪಿರನೇಸಿ ಇವರ ಕೃತಿಗಳಿಂದ ಕಲಿತ. ಹಿಂದಿರುಗಿದ ಮೇಲೆ ಅವನು ಬರೆದ ಹಾಳುಗಳ ಲೆಕ್ಕ ಇಡುವುದು ಕಷ್ಟ. ‘ಹಾಳುಗಳ ರೊಬೇರ್’ ಎಂದೇ ಜನ ಅವನನ್ನು ಕರೆದರು. 1767ರ ಪ್ರದರ್ಶನದಲ್ಲಿ ಇವನ ಚಿತ್ರಗಳನ್ನು ಕಂಡ ದಿದೆರೊ ಬಹಳವಾಗಿ ಮೆಚ್ಚಿದನಾದರೂ, ಅವುಗಳಲ್ಲಿರುವ ಮನುಷ್ಯರಲ್ಲಿ ಮುಕ್ಕಾಲು ಪಾಲನ್ನು ಅಳಿಸಿಹಾಕಬೇಕೆಂದು ಸಲಹೆಯಿತ್ತ. ಹಾಳಿನಲ್ಲಿ ಏಕಾಂತ ಬೇಕು, ಆಗಲೇ ಕಾಲದ ಅಳವು ಮನಸ್ಸಿಗೆ ಮುಟ್ಟುತ್ತದೆ ಎಂಬುದು ಅವನ ವಾದ. ದೊಡ್ಡವರ ಮಾತು, ಆದರೂ ನಾನು ಪೂರ್ಣವಾಗಿ ಒಪ್ಪಲಾರೆ. ಚಕ್ರವರ್ತಿಯ ಕಮಾನಿನ ಕೆಳಗೆ ಅಗಸಗಿತ್ತಿ ಬಟ್ಟೆ ಹಿಂಡುವುದನ್ನು ಬಿಟ್ಟರೆ ರೊಬೇರನಲ್ಲಿ ಉಳಿಯುವುದೇನು? ಅವಳಿಗೆ ಆ ಕಲ್ಲಿನ ಚರಿತ್ರೆ ಬೇಡ, ನೆರಳೂ ನೀರೂ ಸಾಕು. ಕಾಲ ಕಳೆಯಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ದಕ್ಷಿಣ ಫ್ರಾನ್ಸಿನ ರೋಮನ್ ಅವಶೇಷಗಳನ್ನು ಕುರಿತು ಹದಿನಾರನೆಯ ಲೂಯಿ ದೊರೆಗಾಗಿ ಅವನು ನಾಲ್ಕು ದೊಡ್ಡ ಚಿತ್ರಗಳನ್ನು ಬರೆದು 1787ರಲ್ಲಿ ಪ್ರದರ್ಶಿಸಿದ. ಅಲ್ಲಿಯೂ ಓರಾಂಜ್ ಊರಿನ ಎರಡು ತುದಿಗಳಲ್ಲಿರುವ ಕಮಾನು, ರಂಗಮಂದಿರಗಳು ಒಂದೇ ನೋಟದಲ್ಲಿ ಕೂಡುತ್ತವೆ.

ಆ ವೇಳೆಗೆ ಪ್ಯಾರಿಸ್ ಅವನಿಗೆ ಹೊಸ ಬಗೆಯ ಹಾಳುಗಳನ್ನು ಒದಗಿಸತೊಡಗಿತ್ತು. 1781ರಲ್ಲಿ ಗೀತನಾಟಕಶಾಲೆ ಸುಟ್ಟಿತು, ಅವನು ಬರೆದ. 1786ರಲ್ಲಿ ನೋತ್ರ್ ದಾಮ್ ಸೇತುವೆಯ ಮೇಲಿದ್ದ ಮನೆಗಳನ್ನು ಕೆಡವಿದರು, ಅದನ್ನೂ ಬರೆದ. 1789ರ ಜುಲೈಯಲ್ಲಿ ಬಾಸ್ತೀಯ್ ಕೋಟೆಯ ಕಲ್ಲುಗಳು ಉರುಳಿದಾಗಲೂ ಅವನ ಕುಂಚ ಸಿದ್ಧವಿತ್ತು. ಸಾವಿರ ವರ್ಷಗಳ ಕೆಲಸವನ್ನು ಗುದ್ದಲಿ ಕೆಲವೇ ವಾರಗಳಲ್ಲಿ ಮಾಡಿ ಮುಗಿಸಬಲ್ಲದೆಂಬುದನ್ನು ಅವನು ಕಣ್ಣಾರೆ ಕಂಡ. 1793ರ ಅಕ್ಟೋಬರಿನಲ್ಲಿ ಅವನನ್ನೇ ಸೆರೆಗೆ ಹಾಕಿದರು. ಜೊತೆಯ ಬಂದಿಗಳು ವಧಸ್ಥಾನಕ್ಕೆ ಹೋಗುತ್ತಿದ್ದ ತಿಂಗಳುಗಳಲ್ಲಿ ಈತ ಊಟದ ತಟ್ಟೆಗಳ ಮೇಲೂ ಚಿತ್ರ ಬರೆದ. ರೊಬೆಸ್ಪಿಯೇರ್ ಬಿದ್ದ ಬಳಿಕ, 1794ರ ಆಗಸ್ಟಿನಲ್ಲಿ, ಬಿಡುಗಡೆಯಾಯಿತು.

ಇಷ್ಟನ್ನೂ ಉಂಡವನು ಲೂವ್ರನ್ನು ಹಾಳಾಗಿ ಕಂಡರೆ ಸೋಜಿಗವಿಲ್ಲ ಎನ್ನಬಹುದು. ಆದರೆ ಅದು ಬರಿಯ ನಿರಾಶೆಯ ಚಿತ್ರವೆಂದು ನನಗೆ ತೋರುವುದಿಲ್ಲ. 1796ರ ಅದೇ ಪ್ರದರ್ಶನದಲ್ಲಿ ಅವನು ಇನ್ನೊಂದು ಚಿತ್ರವನ್ನೂ ಇಟ್ಟಿದ್ದ. ಅದೇ ಶಾಲೆ, ಹಾಳಾಗಿ ಅಲ್ಲ, ಸುಸಜ್ಜಿತವಾಗಿ: ಗೋಡೆತುಂಬ ಪಟಗಳು, ಕಲಿಯುವವರು, ನೋಡುವವರು, ಚಾವಣಿಯಲ್ಲಿ ಗಾಜಿನ ಬೆಳಕಿಂಡಿಗಳು. ಪಕ್ಕದ ಕಿಟಕಿಗಳ ಬೆಳಕು ಪಟಗಳಿಗೆ ಒಗ್ಗದು, ಮೇಲಿನಿಂದಲೇ ಬೆಳಕು ಬರಬೇಕೆಂಬುದು ಅವನ ಯೋಜನೆ. ಒಂದರಲ್ಲಿ ಆ ಬೆಳಕು ಗಾಜಿನಿಂದ ಇಳಿಯುತ್ತದೆ. ಇನ್ನೊಂದರಲ್ಲಿ, ಕುಸಿದ ಚಾವಣಿಯಿಂದ. ಎರಡರಲ್ಲಿಯೂ ನೋಡಿ ಬರೆದುಕೊಳ್ಳುವವನೊಬ್ಬ ಇದ್ದೇ ಇದ್ದಾನೆ.

ಆ ಅಪೊಲೊ ವಿಗ್ರಹದ ಸಂಗತಿಯೂ ಸ್ವಾರಸ್ಯವಾದುದು. ರೊಬೇರ್ ಅದನ್ನು ಲೂವ್ರಿನ ಹಾಳಿನಲ್ಲಿ ನಿಲ್ಲಿಸಿದಾಗ ನಿಜವಾದ ವಿಗ್ರಹ ಇನ್ನೂ ರೋಮಿನ ವ್ಯಾಟಿಕನ್ನಿನಲ್ಲಿಯೇ ಇತ್ತು. ಎರಡು ವರ್ಷಗಳ ಮೇಲೆ, 1798ರಲ್ಲಿ, ಸೋತ ಪೋಪರಿಂದ ಕಿತ್ತುಕೊಂಡು ಅದನ್ನು ಪ್ಯಾರಿಸಿಗೆ ತಂದರು. 1815ರಲ್ಲಿ ನೆಪೋಲಿಯನ್ ಸೋತ ಬಳಿಕ ಅದು ಮರಳಿ ರೋಮಿಗೆ ಹೋಯಿತು. ರೊಬೇರ್ 1808ರಲ್ಲಿಯೇ ತೀರಿಕೊಂಡಿದ್ದ. ಮಹಾಶಾಲೆ ಕುಸಿದಿಲ್ಲ. ಅದಕ್ಕೆ ಈಗ ಬೆಳಕು ಬರುವುದು ಮೇಲಿನಿಂದ.