ಅಂಡಾಶಯದ ಕ್ಯಾನ್ಸರ್: ಊರೂರಿಗೆ ಬದಲಾದ ಲೆಕ್ಕದ ಚರಿತ್ರೆ

ಅಂಡಾಶಯದ ಕ್ಯಾನ್ಸರ್ ಬಾರದ ದೇಶವಿಲ್ಲ. ಆದರೆ ಅದು ಎಲ್ಲ ದೇಶಗಳ ಹೆಂಗಸರಿಗೂ ಒಂದೇ ಪ್ರಮಾಣದಲ್ಲಿ ಬರುವುದಿಲ್ಲ. 2022ರ ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ ಆ ಒಂದು ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 3.24 ಲಕ್ಷ ಹೆಂಗಸರಲ್ಲಿ ಈ ರೋಗ ಹೊಸದಾಗಿ ಪತ್ತೆಯಾಯಿತು, ಸುಮಾರು 2.07 ಲಕ್ಷ ಮಂದಿ ಇದರಿಂದ ತೀರಿಕೊಂಡರು. ಪೂರ್ವ ಯುರೋಪಿನಲ್ಲಿ ವರ್ಷಕ್ಕೆ ಲಕ್ಷ ಹೆಂಗಸರಲ್ಲಿ ಹತ್ತರ ಆಸುಪಾಸು ಮಂದಿಗೆ ಬರುವ ಈ ರೋಗ ಚೀನದಲ್ಲೂ ಆಫ್ರಿಕದ ಹಲವು ಭಾಗಗಳಲ್ಲೂ ಅದರ ಅರ್ಧದಷ್ಟಿದೆ. ಭಾರತ ಇವೆರಡರ ನಡುವೆ, ಜಾಗತಿಕ ಸರಾಸರಿಯ ಹತ್ತಿರ ನಿಂತಿದೆ. ಐವತ್ತು ವರ್ಷಗಳ ಹಿಂದೆ ಈ ಪಟ್ಟಿ ಹೀಗಿರಲಿಲ್ಲ. ಆಗ ಎಲ್ಲಕ್ಕಿಂತ ಮೇಲಿದ್ದದ್ದು ಸ್ವೀಡನ್, ಡೆನ್ಮಾರ್ಕ್, ನಾರ್ವೆ. ತೀರಾ ಕೆಳಗಿದ್ದದ್ದು ಜಪಾನ್. ರೋಗದ ಪ್ರಮಾಣಕ್ಕೆ ನೆಲವೇ ಕಾರಣವಾಗಿದ್ದರೆ ಎರಡು ತಲೆಮಾರಿನೊಳಗೆ ಪಟ್ಟಿ ಇಷ್ಟು ಅದಲುಬದಲಾಗುತ್ತಿರಲಿಲ್ಲ. ಬದಲಾದದ್ದು ಹೆಂಗಸರ ಬದುಕು. ಜೊತೆಗೆ ಎಣಿಸುವ ಕ್ರಮವೂ ಬದಲಾಯಿತು.

ಎಣಿಕೆ ಬಹಳ ತಡವಾಗಿ ಶುರುವಾದದ್ದಕ್ಕೆ ಕಾರಣವಿದೆ. ಸ್ತನದ ಗಂಟು ಕೈಗೆ ಸಿಗುತ್ತದೆ. ಅಂಡಾಶಯ ಕಿಬ್ಬೊಟ್ಟೆಯ ಆಳದಲ್ಲಿದೆ. ಅಲ್ಲಿನ ಗೆಡ್ಡೆ ದೊಡ್ಡದಾಗಿ ಹೊಟ್ಟೆ ಉಬ್ಬುವ ತನಕ, ನೀರು ತುಂಬುವ ತನಕ ಹೊರಗೆ ಏನೂ ಕಾಣುವುದಿಲ್ಲ. ಶತಮಾನಗಳ ಕಾಲ ಇಂಥ ಸಾವುಗಳು ಎಲ್ಲ ಕಡೆಯೂ ಜಲೋದರದ ಲೆಕ್ಕಕ್ಕೆ ಹೋದವು. 1713ರಲ್ಲಿ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜಿನಿ ಕ್ರೈಸ್ತ ಸನ್ಯಾಸಿನಿಯರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚೆಂದು ಬರೆದ. 1842ರಲ್ಲಿ ಅದೇ ದೇಶದ ವೈದ್ಯ ಡೊಮೆನಿಕೊ ರಿಗೋನಿ ಸ್ಟರ್ನ್ ವೆರೋನಾ ನಗರದ ಎಂಬತ್ತು ವರ್ಷಗಳ ಮರಣ ದಾಖಲೆ ಜಾಲಾಡಿ ಅದನ್ನು ಅಂಕಿಗಳಲ್ಲಿ ತೋರಿಸಿದ. ಗರ್ಭಕೋಶದ ಕ್ಯಾನ್ಸರ್ ಸನ್ಯಾಸಿನಿಯರಲ್ಲಿ ಕಡಿಮೆ ಎಂಬುದನ್ನೂ ಕಂಡುಕೊಂಡ. ಹೆಂಗಸಿನ ಬಾಳು ಸಾಗುವ ರೀತಿಗೂ ಅವಳ ಕ್ಯಾನ್ಸರಿಗೂ ನಂಟಿದೆ ಎಂಬುದಕ್ಕೆ ಇದು ಮೊದಲ ಗಟ್ಟಿ ಪುರಾವೆ. ಆದರೆ ಆ ಕಾಲದವರ ಲೆಕ್ಕದಲ್ಲಿ ಅಂಡಾಶಯಕ್ಕೆ ಜಾಗವಿರಲಿಲ್ಲ. ಅಮೆರಿಕದ ಕೆಂಟಕಿಯಲ್ಲಿ ಎಫ್ರೇಮ್ ಮೆಕ್‌ಡವೆಲ್ ಎಂಬ ವೈದ್ಯ ಅರಿವಳಿಕೆಯೇ ಇಲ್ಲದೆ ಒಬ್ಬಾಕೆಯ ಹೊಟ್ಟೆ ತೆರೆದು ಹತ್ತು ಕಿಲೋ ಮೀರಿದ ಅಂಡಾಶಯದ ಗೆಡ್ಡೆ ತೆಗೆದದ್ದು 1809ರಲ್ಲಿ. ಆಕೆ ಆಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಬದುಕಿದಳು. ಅಂಥ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ, ತೆಗೆದ ಗೆಡ್ಡೆಯನ್ನು ಸೂಕ್ಷ್ಮದರ್ಶಕದಡಿ ನೋಡುವುದು ರೂಢಿಗೆ ಬಂದ ಮೇಲಷ್ಟೇ ಈ ಕ್ಯಾನ್ಸರನ್ನು ಬೇರೆಯಾಗಿ ಗುರುತಿಸಿ ಎಣಿಸುವುದು ಸಾಧ್ಯವಾಯಿತು.

ಮುಂದಿನ ಹೆಜ್ಜೆ ನೋಂದಣಿ. ಒಂದು ಪ್ರದೇಶದಲ್ಲಿ ವಾಸಿಸುವ ಪ್ರತಿಯೊಬ್ಬ ಕ್ಯಾನ್ಸರ್ ರೋಗಿಯನ್ನು ಒಮ್ಮೆ, ಒಮ್ಮೆ ಮಾತ್ರ, ವಯಸ್ಸು ಮತ್ತು ವಿಳಾಸದೊಂದಿಗೆ ಬರೆದಿಟ್ಟುಕೊಳ್ಳುವ ಕೆಲಸ ಅದು. ಅಮೆರಿಕದ ಕನೆಕ್ಟಿಕಟ್ ರಾಜ್ಯ 1941ರಲ್ಲಿ ಇದನ್ನು ಆರಂಭಿಸಿ, ಹಳೆಯ ಕಡತಗಳಿಂದ 1935ರವರೆಗೂ ಹಿಂದಕ್ಕೆ ಹೋಯಿತು. ವೈದ್ಯ ಯೊಹಾನೆಸ್ ಕ್ಲೆಮೆಸನ್ ಡೆನ್ಮಾರ್ಕಿನ ನೋಂದಣಿಯನ್ನು ಕಟ್ಟಿದ್ದು 1942ರಲ್ಲಿ, ದೇಶ ಜರ್ಮನ್ ಸೇನೆಯ ಹಿಡಿತದಲ್ಲಿದ್ದಾಗ. ಇಡೀ ದೇಶವನ್ನೇ ಒಳಗೊಂಡ ಈ ನೋಂದಣಿಯ ಹಾದಿಯಲ್ಲಿ ನಾರ್ವೆ, ಫಿನ್‌ಲ್ಯಾಂಡ್, ಸ್ವೀಡನ್‌ಗಳೂ 1950ರ ದಶಕದಲ್ಲಿ ನಡೆದವು.

ಅಂಕಿಗಳು ಕೈಸೇರಿದರೂ ದೇಶ ದೇಶಗಳನ್ನು ಹೋಲಿಸುವುದು ಸುಲಭವಿರಲಿಲ್ಲ. ಅಂಡಾಶಯದ ಕ್ಯಾನ್ಸರ್ ಹೆಚ್ಚಾಗಿ ಐವತ್ತು ದಾಟಿದವರ ರೋಗ. ಮುದುಕಿಯರು ಹೆಚ್ಚಿರುವ ಸ್ವೀಡನ್ನನ್ನೂ ಹುಡುಗಿಯರೇ ತುಂಬಿರುವ ಇನ್ನೊಂದು ದೇಶವನ್ನೂ ನೇರವಾಗಿ ತೂಗಿದರೆ ಸಿಗುವುದು ವಯಸ್ಸಿನ ವ್ಯತ್ಯಾಸ, ರೋಗದ್ದಲ್ಲ. ಈ ತೊಡಕನ್ನು ಬಿಡಿಸಿದವರು ಜಪಾನಿನ ಸೆಂಡೈ ನಗರದ ಮಿತ್ಸುಓ ಸೆಗಿ. ಎಲ್ಲ ದೇಶಗಳಿಗೂ ಒಂದೇ ವಯೋಹಂಚಿಕೆ ಇದ್ದಿದ್ದರೆ ದರ ಎಷ್ಟಿರುತ್ತಿತ್ತು ಎಂದು ಲೆಕ್ಕ ಹಾಕಲು ಅವರು 1960ರಲ್ಲಿ ಒಂದು ಕಲ್ಪಿತ ‘ಜಗತ್ತಿನ ಜನಸಂಖ್ಯೆ’ಯನ್ನು ರೂಪಿಸಿದರು. ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಸಂಗಡಿಗರು ಅದನ್ನು ಅಲ್ಪಸ್ವಲ್ಪ ತಿದ್ದಿ, 1966ರಲ್ಲಿ ಐದು ಖಂಡಗಳ ಕ್ಯಾನ್ಸರ್ ಅಂಕಿಅಂಶಗಳ ಮೊದಲ ಸಂಪುಟದಲ್ಲಿ ಬಳಸಿದರು. ಕ್ಯಾನ್ಸರ್ ಕುರಿತು ‘ಲಕ್ಷಕ್ಕೆ ಇಷ್ಟು’ ಎಂದು ಇಂದಿಗೂ ದೇಶಗಳನ್ನು ಹೋಲಿಸುವಾಗ ಹಿನ್ನೆಲೆಯಲ್ಲಿರುವುದು ಸಾಮಾನ್ಯವಾಗಿ ಸೆಗಿಯವರ ಆ ಕಲ್ಪಿತ ಜನಸಂಖ್ಯೆಯೇ. ವೈದ್ಯಕೀಯದ ದೊಡ್ಡ ಹೆಸರುಗಳ ನಡುವೆ ಅವರ ಹೆಸರು ಕೇಳಿಬರದಿರುವುದು ನ್ಯಾಯವಲ್ಲ.

ವಯಸ್ಸಿನ ಏರುಪೇರು ಕಳೆದ ಮೇಲೂ ವ್ಯತ್ಯಾಸ ಉಳಿಯಿತು. ಉತ್ತರ ಯುರೋಪಿನ ದರ ಜಪಾನಿನದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚಿತ್ತು. ಇದು ಜನಾಂಗದ ಗುಣವಿರಬಹುದೆಂಬ ಊಹೆ ಬಹಳ ದಿನ ಬಾಳಲಿಲ್ಲ: ಅಮೆರಿಕಕ್ಕೆ ವಲಸೆ ಹೋದ ಜಪಾನಿ ಮನೆತನಗಳ ಹೆಣ್ಣುಮಕ್ಕಳಲ್ಲಿ ದರ ಏರುತ್ತಾ ಅಲ್ಲಿನ ಬಿಳಿಯರ ದರದ ಕಡೆಗೆ ಸಾಗಿತ್ತು. 1969ರಲ್ಲಿ ಅಮೆರಿಕದ ಸನ್ಯಾಸಿನಿಯರ ಮರಣ ಕಾರಣಗಳ ಅಧ್ಯಯನವೊಂದು ರಾಮಜ್ಜಿನಿಯ ಹಳೆಯ ಮಾತನ್ನು ಅಂಡಾಶಯಕ್ಕೂ ವಿಸ್ತರಿಸಿತು. ಹೆರದವರಲ್ಲಿ ರೋಗ ಹೆಚ್ಚು, ಹಲವು ಬಾರಿ ಹೆತ್ತವರಲ್ಲಿ ಕಡಿಮೆ ಎಂಬುದು ಒಂದೊಂದಾಗಿ ಬೇರೆ ದೇಶಗಳಿಂದಲೂ ಖಚಿತವಾಯಿತು.

ಇದಕ್ಕೊಂದು ವಿವರಣೆ ಕೊಟ್ಟವರು ಈಜಿಪ್ಟಿನ ಅಸ್ಯೂತಿನ ಸ್ತ್ರೀರೋಗ ತಜ್ಞ ಮಹಮೂದ್ ಫತಲ್ಲಾ. 1971ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅವರ ಚಿಕ್ಕ ಲೇಖನದ ವಾದ ಹೀಗಿದೆ. ಪ್ರತಿ ತಿಂಗಳು ಅಂಡಾಣು ಹೊರಬೀಳುವಾಗ ಅಂಡಾಶಯದ ಮೇಲ್ಪದರ ಹರಿಯುತ್ತದೆ, ಮತ್ತೆ ಕೂಡಿಕೊಳ್ಳುತ್ತದೆ. ಹರಿದು ಕೂಡುವ ಕೆಲಸ ಬಿಡುವಿಲ್ಲದೆ ನಡೆದಷ್ಟೂ ಜೀವಕೋಶಗಳು ದಾರಿ ತಪ್ಪುವ ಸಂಭವ ಹೆಚ್ಚು. ವರ್ಷವಿಡೀ ಮೊಟ್ಟೆಯಿಡುವಂತೆ ಸಾಕಿದ ಕೋಳಿಗಳಲ್ಲಿ ಅಂಡಾಶಯದ ಕ್ಯಾನ್ಸರ್ ತಾನಾಗಿಯೇ ಬರುತ್ತದೆ ಎಂಬುದು ಅವರ ವಾದಕ್ಕೆ ಒದಗಿದ ಸಾಕ್ಷಿ. ಬಸುರು, ಬಾಣಂತನ, ಮೊಲೆಯೂಡಿಸುವ ತಿಂಗಳುಗಳಲ್ಲಿ ಅಂಡಾಣು ಬಿಡುಗಡೆ ಬಹುಮಟ್ಟಿಗೆ ನಿಲ್ಲುತ್ತದೆ. ಆರೇಳು ಮಕ್ಕಳನ್ನು ಹೆತ್ತು, ಪ್ರತಿ ಮಗುವಿಗೂ ವರ್ಷಗಟ್ಟಲೆ ಹಾಲೂಡಿಸಿದ ಹೆಂಗಸಿನ ಅಂಡಾಶಯಕ್ಕೆ ಸಿಕ್ಕ ವಿರಾಮ, ಒಂದೇ ಮಗುವಿನ ತಾಯಿಗೆ ಸಿಗುವುದಿಲ್ಲ. ಹಾಗೆಂದು ಹೆಚ್ಚು ಹೆರುವುದೇ ಮದ್ದೆಂದು ತಿಳಿಯುವುದು ಅಪಾಯ. ಪದೇ ಪದೇ ಹೆರಿಗೆ ತಾಯಂದಿರ ಪ್ರಾಣಕ್ಕೇ ಎರವಾಗಬಲ್ಲದು.

ಫತಲ್ಲಾ ಅವರ ವಾದಕ್ಕೆ ಅತಿ ದೊಡ್ಡ ಪರೀಕ್ಷೆ ಯಾರೂ ಯೋಜಿಸದೆಯೇ ನಡೆದುಹೋಯಿತು. 1960ರಲ್ಲಿ ಅಮೆರಿಕ ಗರ್ಭನಿರೋಧಕ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. ಬರುಬರುತ್ತ ಪಶ್ಚಿಮ ಮತ್ತು ಉತ್ತರ ಯುರೋಪಿನ ಕೋಟ್ಯಂತರ ಹೆಂಗಸರೂ ಅದನ್ನು ನುಂಗತೊಡಗಿದರು. ಆ ಮಾತ್ರೆಯೂ ಅಂಡಾಣು ಬಿಡುಗಡೆಯನ್ನು ತಡೆಯುತ್ತದೆ. 2008ರಲ್ಲಿ ವ್ಯಾಲರಿ ಬೆರಾಲ್ ನೇತೃತ್ವದ ಆಕ್ಸ್‌ಫರ್ಡ್ ತಂಡ 21 ದೇಶಗಳ 45 ಅಧ್ಯಯನಗಳನ್ನು ಒಗ್ಗೂಡಿಸಿತು. 23,000ಕ್ಕೂ ಹೆಚ್ಚು ರೋಗಿಗಳ ವಿವರ ಅದರಲ್ಲಿತ್ತು. ಮಾತ್ರೆ ಸೇವಿಸಿದ ಪ್ರತಿ ಐದು ವರ್ಷಕ್ಕೆ ಅಪಾಯ ಸುಮಾರು ಐದನೆಯ ಒಂದು ಪಾಲು ಇಳಿಯುತ್ತದೆ, ಮಾತ್ರೆ ನಿಲ್ಲಿಸಿ ದಶಕಗಳಾದರೂ ಆ ರಕ್ಷಣೆ ಅಷ್ಟಿಷ್ಟು ಉಳಿದಿರುತ್ತದೆ ಎಂದು ಅದು ತೋರಿಸಿತು; ಅಲ್ಲಿಯವರೆಗೆ ಜಗತ್ತಿನಲ್ಲಿ ಸುಮಾರು ಎರಡು ಲಕ್ಷ ಮಂದಿಗೆ ಈ ಕ್ಯಾನ್ಸರ್ ಬರುವುದು ತಪ್ಪಿದೆ ಎಂದೂ ಅಂದಾಜಿಸಿತು. ಸ್ವೀಡನ್, ಡೆನ್ಮಾರ್ಕ್‌ಗಳ ದರ ಇಳಿದುದರಲ್ಲಿ ಇದರ ಪಾಲು ದೊಡ್ಡದು. ಸೋವಿಯತ್ ಒಕ್ಕೂಟದಲ್ಲಿ ಮಾತ್ರೆಯ ಬಳಕೆ ಅತಿ ವಿರಳವಾಗಿತ್ತು. ಸಂತಾನ ಮಿತಿಗೆ ಅಲ್ಲಿ ಮುಖ್ಯ ದಾರಿ ಗರ್ಭಪಾತವಾಗಿತ್ತು. ಮಕ್ಕಳು ಕಡಿಮೆಯಾದರು, ಮಾತ್ರೆಯ ರಕ್ಷಣೆ ಸಿಗಲಿಲ್ಲ. ಪೂರ್ವ ಯುರೋಪು ಪಟ್ಟಿಯ ಮೇಲ್ತುದಿಗೆ ಬಂದು ನಿಂತದ್ದಕ್ಕೆ ಇದೊಂದು ಕಾರಣ.

ಜಪಾನ್ ಮಾತ್ರ ಈ ಸೂತ್ರಕ್ಕೆ ಸಲೀಸಾಗಿ ಒಗ್ಗುವುದಿಲ್ಲ. ಅಲ್ಲಿ ಹೆರಿಗೆಗಳು 1950ರ ದಶಕದಲ್ಲೇ ತಗ್ಗಿದವು, ಕಡಿಮೆ ಪ್ರಮಾಣದ ಹಾರ್ಮೋನಿನ ಮಾತ್ರೆಗೆ ಒಪ್ಪಿಗೆ ಸಿಕ್ಕಿದ್ದು 1999ರಲ್ಲಿ. ದರ ಏರಿದೆ ನಿಜ, ಆದರೆ ಯುರೋಪಿನ ಹಳೆಯ ಮಟ್ಟ ಮುಟ್ಟಿಲ್ಲ. ಇಲ್ಲಿ ಇನ್ನೊಂದು ಸಂಗತಿಯನ್ನೂ ನೆನೆಯಬೇಕು: ಅಂಡಾಶಯದ ಕ್ಯಾನ್ಸರ್ ಎಂಬುದು ಒಂದೇ ರೋಗವಲ್ಲ, ಹಲವು ರೋಗಗಳಿಗೆ ಇಟ್ಟ ಒಂದು ಹೆಸರು. ಪಶ್ಚಿಮದಲ್ಲಿ ಅಪರೂಪವಾದ ‘ಕ್ಲಿಯರ್ ಸೆಲ್’ ಎಂಬ ಬಗೆ ಜಪಾನಿನಲ್ಲಿ ಸುಮಾರು ಕಾಲುಭಾಗದಷ್ಟಿದೆ. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ತೊಂದರೆಗೂ ಅದಕ್ಕೂ ಸಂಬಂಧವಿದೆ.

ಇನ್ನೊಂದು ಒಗಟು ಇಸ್ರೇಲಿನದು. ಒಂದೇ ದೇಶದೊಳಗೆ ಯುರೋಪು ಮೂಲದ ಯಹೂದಿ ಹೆಂಗಸರಲ್ಲಿ ದರ ತೀರಾ ಹೆಚ್ಚು, ಏಷ್ಯಾ ಮತ್ತು ಆಫ್ರಿಕ ಮೂಲದವರಲ್ಲಿ ಕಡಿಮೆ ಎಂದು ಅಲ್ಲಿನ ನೋಂದಣಿ ತೋರಿಸುತ್ತಿತ್ತು. ಉತ್ತರ ಸಿಕ್ಕಿದ್ದು 1990ರ ದಶಕದಲ್ಲಿ. ತಳಿವಿಜ್ಞಾನಿ ಮೇರಿ ಕ್ಲೇರ್ ಕಿಂಗ್ 1990ರಲ್ಲಿ ಹದಿನೇಳನೆಯ ವರ್ಣತಂತುವಿನ ಮೇಲೆ ಜಾಗ ಗುರುತಿಸಿದ ಬಿಆರ್‌ಸಿಎ1 ಜೀನ್ 1994ರಲ್ಲಿ ಕೈಗೆ ಸಿಕ್ಕಿತು, ಮರುವರ್ಷ ಬಿಆರ್‌ಸಿಎ2. ಬಿಆರ್‌ಸಿಎ1ರಲ್ಲಿ ಹಾನಿಕರ ದೋಷವಿರುವ ಹೆಂಗಸಿಗೆ ಜೀವಮಾನದಲ್ಲಿ ಅಂಡಾಶಯದ ಕ್ಯಾನ್ಸರ್ ಬರುವ ಸಂಭವ ಶೇಕಡಾ 40ರ ಆಸುಪಾಸು. ಯುರೋಪು ಮೂಲದ ಯಹೂದಿಗಳಲ್ಲಿ ಸುಮಾರು ನಲವತ್ತರಲ್ಲಿ ಒಬ್ಬರಿಗೆ ಈ ಜೀನ್‌ಗಳ ಮೂರು ನಿರ್ದಿಷ್ಟ ದೋಷಗಳಲ್ಲೊಂದು ಇರುತ್ತದೆ. ಆ ಮೂರರಲ್ಲಿ ಒಂದು, 185ಡೆಲ್‌ಎಜಿ ಎಂಬುದು, ದಕ್ಷಿಣ ಭಾರತದ ಹೆಂಗಸರಲ್ಲೂ ಹೆಚ್ಚಾಗಿ ಕಂಡುಬರುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಭಾಗಿಯಾದ ಅಧ್ಯಯನ 2009ರಲ್ಲಿ ವರದಿ ಮಾಡಿತು.

ಅದೇ ಹೊತ್ತಿಗೆ ರೋಗದ ಮೂಲದ ಬಗೆಗಿನ ತಿಳಿವಳಿಕೆಯೂ ಬುಡಮೇಲಾಯಿತು. ದೋಷಯುಕ್ತ ಜೀನ್ ಇರುವವರು ಮುಂಜಾಗ್ರತೆಗೆಂದು ತೆಗೆಸಿಕೊಂಡ ಅಂಗಗಳಲ್ಲಿ, ಅಂಡಾಶಯದ ಬದಲು ಪಕ್ಕದ ಅಂಡನಾಳದಲ್ಲಿ ಕೆಟ್ಟ ಕೋಶಗಳಿರುವುದನ್ನು 2001ರಲ್ಲಿ ಡಚ್ ಸಂಶೋಧಕರು ಕಂಡರು. ಅಲ್ಲಿಯವರೆಗೆ ಪ್ರಯೋಗಾಲಯಗಳಲ್ಲಿ ನಾಳದಿಂದ ಒಂದೆರಡು ಬಿಲ್ಲೆ ಕತ್ತರಿಸಿ ನೋಡಿ ಬಿಡುವುದೇ ವಾಡಿಕೆ. ಬಾಸ್ಟನ್ನಿನ ಕ್ರಿಸ್ಟೋಫರ್ ಕ್ರಮ್ ಮತ್ತು ಸಂಗಡಿಗರು ನಾಳದ ಕುಚ್ಚಿನಂಥ ತುದಿಯನ್ನು ಉದ್ದಕ್ಕೆ ಸೀಳಿ, ಉಳಿದ ನಾಳವನ್ನು ಎರಡು ಮೂರು ಮಿಲಿಮೀಟರಿಗೊಂದರಂತೆ ಹೋಳು ಮಾಡಿ ಪೂರ್ತಿಯಾಗಿ ಪರೀಕ್ಷಿಸುವ ಕ್ರಮ ತಂದರು. ಅಂಡಾಶಯದ್ದೆಂದು ಬರೆಯುತ್ತಿದ್ದ ಕ್ಯಾನ್ಸರಿನ ಅತಿ ಸಾಮಾನ್ಯವೂ ಮಾರಕವೂ ಆದ ಬಗೆ ಬಹುಪಾಲು ಆ ತುದಿಯಲ್ಲೇ ಹುಟ್ಟುತ್ತದೆ ಎಂಬ ಅಭಿಪ್ರಾಯ ಈಗ ಬಲವಾಗಿದೆ. ಇದರ ಪರಿಣಾಮ ನೋಂದಣಿ ಪುಸ್ತಕಗಳ ಮೇಲೂ ಆಗಿದೆ: ಹಿಂದೆ ಅಂಡಾಶಯದ ಕಾಲಂನಲ್ಲಿ ಬೀಳುತ್ತಿದ್ದ ಕೆಲವು ಪ್ರಕರಣಗಳು ಈಗ ಅಂಡನಾಳದ ಕಾಲಂಗೆ ಸೇರುತ್ತಿವೆ. ಇತ್ತೀಚಿನ ಇಳಿಕೆಯನ್ನು ಓದುವಾಗ ಇದನ್ನು ಮರೆಯಬಾರದು.

ಭಾರತದ ಎಣಿಕೆ 1963ರಲ್ಲಿ ಮುಂಬಯಿಯ ನೋಂದಣಿಯೊಂದಿಗೆ ಆರಂಭವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ರಾಷ್ಟ್ರೀಯ ಕಾರ್ಯಕ್ರಮ ಹಮ್ಮಿಕೊಂಡ ಮೇಲೆ, 1982ರ ಜನವರಿಯಿಂದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ನಗರದ ರೋಗಿಗಳ ಲೆಕ್ಕ ಇಡತೊಡಗಿತು. ಆಸ್ಪತ್ರೆಗಳು ತಾವಾಗಿ ವರದಿ ಕಳಿಸುವ ಕಡ್ಡಾಯ ಆಗ ಇರಲಿಲ್ಲ. ಹೀಗಾಗಿ ನೋಂದಣಿ ಸಿಬ್ಬಂದಿಯೇ ಆಸ್ಪತ್ರೆ, ನರ್ಸಿಂಗ್ ಹೋಂ, ಲ್ಯಾಬ್‌ಗಳಿಗೆ ಹೋಗಿ ಕಡತ ನೋಡಬೇಕಿತ್ತು. ಪಾಲಿಕೆಯ ಮರಣ ನೋಂದಣಿಯನ್ನೂ ತಾಳೆ ಹಾಕಬೇಕಿತ್ತು. ಕಷ್ಟವಿರುವುದು ವಿಳಾಸದಲ್ಲಿ. ಚಿಕಿತ್ಸೆಗೆಂದು ದೂರದ ಜಿಲ್ಲೆಯಿಂದ ಬಂದವರು ಬೆಂಗಳೂರಿನ ನೆಂಟರ ಮನೆ ವಿಳಾಸ ಬರೆಸಿರುತ್ತಾರೆ. ಅವರನ್ನೂ ಸೇರಿಸಿದರೆ ನಗರದ ದರ ಸುಳ್ಳಾಗಿ ಏರುತ್ತದೆ. ಕನಿಷ್ಠ ಒಂದು ವರ್ಷ ಆ ಪ್ರದೇಶದಲ್ಲಿ ನೆಲೆಸಿದವರನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ನಿಯಮ ಇರುವುದು ಇದಕ್ಕೇ.

ಹಳ್ಳಿಗಳ ಲೆಕ್ಕಕ್ಕೆ ಬೇರೆಯೇ ದಾರಿ ಬೇಕಾಯಿತು. ಮಹಾರಾಷ್ಟ್ರದ ಬಾರ್ಶಿಯಲ್ಲಿ 1987ರಲ್ಲಿ ಆರಂಭವಾದ ಗ್ರಾಮೀಣ ನೋಂದಣಿಯ ಕಾರ್ಯಕರ್ತರು ಊರೂರಿಗೆ ಹೋಗಿ, ಜನರನ್ನು ಸೇರಿಸಿ, ಕ್ಯಾನ್ಸರಿನ ಲಕ್ಷಣಗಳನ್ನು ತಿಳಿಸಿ, ಅಂಥವರಿದ್ದರೆ ಆಸ್ಪತ್ರೆಗೆ ಬರುವಂತೆ ಮಾಡುತ್ತಿದ್ದರು. ಬಾರ್ಶಿಯ ಅಂಡಾಶಯ ಕ್ಯಾನ್ಸರ್ ದರ ದೆಹಲಿ, ಮುಂಬಯಿ, ಬೆಂಗಳೂರುಗಳದ್ದಕ್ಕಿಂತ ಕಡಿಮೆ. ಬೇಗ ಮದುವೆ, ಹೆಚ್ಚು ಹೆರಿಗೆ, ದೀರ್ಘ ಕಾಲ ಮೊಲೆಯೂಡಿಕೆ ಇದರ ಒಂದು ಕಾರಣವಿರಬೇಕು. ಆದರೆ ಸ್ಕ್ಯಾನಿಂಗ್ ಮತ್ತು ಬಯಾಪ್ಸಿ ದೂರವಿರುವ ಕಡೆ, ಹೊಟ್ಟೆಯಲ್ಲಿ ನೀರು ತುಂಬಿ ಸತ್ತ ಹೆಂಗಸು ಯಾವ ಕಾಲಂಗೂ ಸೇರದೆ ಹೋಗುವುದೂ ಅಷ್ಟೇ ನಿಜ.

ಇನ್ನೊಂದು ಎಚ್ಚರಿಕೆ ದಕ್ಷಿಣ ಭಾರತಕ್ಕೆ ವಿಶೇಷವಾಗಿ ಸಲ್ಲುತ್ತದೆ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಗರ್ಭಕೋಶ ತೆಗೆಸಿಕೊಂಡವರು ದೇಶದಲ್ಲಿ ಶೇಕಡಾ 3.2, ಆಂಧ್ರಪ್ರದೇಶದಲ್ಲಿ ಸುಮಾರು 9. ಇಂಥ ಶಸ್ತ್ರಚಿಕಿತ್ಸೆಯಲ್ಲಿ ಅಂಡಾಶಯವನ್ನೂ ತೆಗೆಯುವುದುಂಟು. ಅಂಡಾಶಯವೇ ಇಲ್ಲದವರನ್ನೂ ಸೇರಿಸಿ ಲಕ್ಷಕ್ಕೆ ಇಷ್ಟು ಎಂದು ಭಾಗಿಸಿದರೆ ದರ ತಗ್ಗಿ ಕಾಣುತ್ತದೆ. ಆ ತಗ್ಗನ್ನು ಆರೋಗ್ಯದ ಗುರುತೆಂದು ಓದುವುದು ತಪ್ಪು.

2022ರ ಅಂದಾಜಿನಂತೆ ಭಾರತದ ಹೆಂಗಸರ ಕ್ಯಾನ್ಸರುಗಳಲ್ಲಿ ಸ್ತನ ಮತ್ತು ಗರ್ಭಕಂಠದ ನಂತರದ ಸ್ಥಾನ ಅಂಡಾಶಯದ್ದು: ಹೊಸ ರೋಗಿಗಳು ಸುಮಾರು 47,000, ಸಾವು ಸುಮಾರು 33,000. ಇವು ಅಂದಾಜುಗಳು ಎಂಬುದನ್ನು ಒತ್ತಿ ಹೇಳಬೇಕು. 2012ರಿಂದ 2016ರವರೆಗಿನ ರಾಷ್ಟ್ರೀಯ ವರದಿಗೆ ಆಧಾರವಾದದ್ದು 28 ಜನಸಂಖ್ಯಾಧಾರಿತ ನೋಂದಣಿಗಳು. ಅವೆಲ್ಲ ಸೇರಿ ತಲುಪಿದ್ದು ದೇಶದ ಜನಸಂಖ್ಯೆಯ ಹತ್ತನೆಯ ಒಂದು ಪಾಲನ್ನು. ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದದ್ದು ಬೆಂಗಳೂರು ಒಂದೇ. ಬೀದರ್, ರಾಯಚೂರು, ಚಾಮರಾಜನಗರದ ಹೆಂಗಸರ ದರವೆಷ್ಟೆಂದು ಆ ವರದಿಯಿಂದ ತಿಳಿಯುವ ದಾರಿಯಿಲ್ಲ.