ಪಥ್ಯ ಮೊಬೈಲಿಗೆ ಬಂದದ್ದು

ಕರುಳಿನ ದೀರ್ಘಕಾಲದ ಬೇನೆಯವರ ಪಥ್ಯ ಮೊಬೈಲಿಗೆ ಬಂದ ಶ್ರೇಯಸ್ಸು ಬಹುಪಾಲು ಪ್ರಯೋಗಾಲಯಕ್ಕೆ ಸಲ್ಲಬೇಕು. ತಿಂದದ್ದನ್ನೂ ನೋವನ್ನೂ ಬರೆದಿಡುವ ಪದ್ಧತಿ ಕಾಗದದ ಕಾಲದಲ್ಲೇ ಇತ್ತು; ಕೊರತೆಯಿದ್ದದ್ದು ಅಳತೆಯದು. 2005ರಲ್ಲಿ ಆಸ್ಟ್ರೇಲಿಯಾದ ಪೀಟರ್ ಗಿಬ್ಸನ್ ಮತ್ತು ಸ್ಯೂ ಶೆಫರ್ಡ್, ಕರುಳಿಗೆ ಉರಿಯೂತ ತರುವ ಕ್ರೋನ್ಸ್ ಕಾಯಿಲೆಯ ಬಗ್ಗೆ ಊಹೆಯೊಂದನ್ನು ಮಂಡಿಸುತ್ತ, ಸರಿಯಾಗಿ ಹೀರಿಕೆಯಾಗದೆ ಕರುಳಲ್ಲಿ ಹುದುಗುವ ಸಕ್ಕರೆಗಳನ್ನು 'ಫಾಡ್‌ಮ್ಯಾಪ್' ಎಂದು ಕರೆದರು. ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯ ಆಹಾರಗಳಲ್ಲಿ ಅವು ಎಷ್ಟಿವೆಯೆಂದು ಒಂದೊಂದಾಗಿ ಪರೀಕ್ಷಿಸಿ, 2012ರಲ್ಲಿ ಆ ಪ್ರಮಾಣವನ್ನು ಕೆಂಪು, ಹಳದಿ, ಹಸಿರು ಗುರುತುಗಳಲ್ಲಿ ತೋರಿಸುವ ಆ್ಯಪ್ ತಂದಿತು. (ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಕೆಂಪು, ನಮ್ಮ ಒಗ್ಗರಣೆಯ ಪಾಡು ಬೇರೆ ಮಾತು.)

ಮುದ್ರಿತ ಪಟ್ಟಿ ಸಾಲದೇ ಎನ್ನಬಹುದು. ಸಾಲದು: ಸಣ್ಣ ಪ್ರಮಾಣದಲ್ಲಿ ಹಸಿರಾಗಿದ್ದ ಆಹಾರ ಹೆಚ್ಚಾದರೆ ಕೆಂಪಾಗುತ್ತದೆ, ಮರುಪರೀಕ್ಷೆಯಾದರೆ ಅಚ್ಚಾದದ್ದು ಹಳತಾಗುತ್ತದೆ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು, ಒಪ್ಪಲೇಬೇಕು. ಈ ಸಕ್ಕರೆಗಳನ್ನು ತಗ್ಗಿಸುವ ಪಥ್ಯದಿಂದ ಹೊಟ್ಟೆಯುಬ್ಬರ, ನೋವು ತಗ್ಗಬಹುದು. ಆದರೆ ಕ್ರೋನ್ಸ್‌ನ ಉರಿಯೂತಕ್ಕೆ ಔಷಧಿಯೇ ಬೇಕು.