ಅಡುಗೆಗೆ ಯಾವ ನೀರು? ಮಧುಗಿರಿ–ಪಾವಗಡ ಸೀಮೆಯ ಫ್ಲೋರೋಸಿಸ್ ಮತ್ತು ಆಹಾರತಜ್ಞರ ಕೆಲಸ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಈಗ ಎರಡು ಬಗೆಯ ನೀರಿದೆ. ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಹಿಡಿದು ತಂದ ಕ್ಯಾನಿನ ನೀರು ಒಂದು. ಕೊಳವೆಬಾವಿಯಿಂದ ನಲ್ಲಿಗೆ ಬರುವ ನೀರು ಇನ್ನೊಂದು. ಕ್ಯಾನಿನದು ಕುಡಿಯುವುದಕ್ಕೆ, ನಲ್ಲಿಯದು ಮಿಕ್ಕಿದ್ದಕ್ಕೆಲ್ಲ. ಮುದ್ದೆಯ ಎಸರು, ಕಾಳು ಬೇಯುವ ನೀರು, ಸಾರು, ಟೀ ಇವೆಲ್ಲ ಆ ‘ಮಿಕ್ಕಿದ್ದರಲ್ಲಿ’ ಸೇರಿಹೋಗಿವೆ. ಮೈಗೆ ಫ್ಲೋರೈಡ್ ಮಿತಿಮೀರಿ ಸೇರಿ ಹಲ್ಲು, ಮೂಳೆ ಕೆಡುವ ರೋಗ ಫ್ಲೋರೋಸಿಸ್; ಈ ಸೀಮೆಯಲ್ಲಿ ಅದರ ಕುರಿತ ಚರ್ಚೆ ಬಹುಪಾಲು ಕುಡಿಯುವ ನೀರಿನಲ್ಲೇ ನಿಂತಿದೆ. ಆ ಚರ್ಚೆಯನ್ನು ಒಲೆಯ ತನಕ ತರಬೇಕು, ಅಲ್ಲಿಗೆ ತರಬಲ್ಲವರು ಆಹಾರತಜ್ಞರು ಎಂಬುದು ಈ ಲೇಖನದ ವಾದ.

ಮೊದಲು ಬಂಡೆಯ ಮಾತು. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯನ್ನೇ ಹೊತ್ತ ಗ್ರಾನೈಟ್ ಪಟ್ಟಿ ಉತ್ತರಕ್ಕೆ ಚಾಚಿ, ತುಮಕೂರು ಜಿಲ್ಲೆಯ ಪೂರ್ವಭಾಗವನ್ನು ಹಾದು ಪಾವಗಡದ ಕಡೆಗೆ ಸಾಗುತ್ತದೆ. ಇಂಥ ಶಿಲೆಗಳಲ್ಲಿರುವ ಫ್ಲೋರೈಟ್, ಅಪಟೈಟ್, ಬಯೊಟೈಟ್ ಖನಿಜಗಳಿಂದ ಫ್ಲೋರೈಡ್ ನಿಧಾನವಾಗಿ ಅಂತರ್ಜಲಕ್ಕೆ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದನ್ನು ನೀರಿನ ಗುಣ ನಿರ್ಧರಿಸುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಫ್ಲೋರೈಡ್ ಅದರೊಡನೆ ಕೂಡಿ, ಕರಗದ ಲವಣವಾಗಿ ತಳಕ್ಕೆ ಕೂರುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದು ನೀರು ಕ್ಷಾರೀಯವಾಗಿದ್ದರೆ ಫ್ಲೋರೈಡ್ ಕರಗಿಯೇ ಉಳಿಯುತ್ತದೆ. ಕೆರೆ ಬತ್ತಿ, ಬಾವಿ ಬತ್ತಿ, ಕೊಳವೆ ವರ್ಷವರ್ಷಕ್ಕೂ ಆಳಕ್ಕಿಳಿದ ಕಡೆ ನೀರು ಬಂಡೆಯೊಡನೆ ಕಳೆದಿರುವ ಕಾಲವೂ ದೀರ್ಘ. ಭಾರತೀಯ ಮಾನಕ 10500ರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಪ್ಪತಕ್ಕ ಮಿತಿ. ಬೇರೆ ನೀರು ಸಿಗದಿದ್ದಾಗ 1.5ರವರೆಗೆ ಸಹ್ಯ. ಪಾವಗಡ ಮತ್ತು ಶಿರಾ ತಾಲ್ಲೂಕುಗಳ ಹಲವು ಕೊಳವೆಬಾವಿಗಳ ನೀರು ಈ ಎರಡನೆಯ ಗೆರೆಯನ್ನೂ ದಾಟುತ್ತದೆ.

ಕ್ಯಾಲ್ಸಿಯಂ ಮತ್ತು ಫ್ಲೋರೈಡಿನ ಈ ನಂಟನ್ನು ನೆನಪಿನಲ್ಲಿಡಬೇಕು. ಬಂಡೆಯ ಬಿರುಕಿನಲ್ಲಿ ನಡೆಯುವುದೇ ಮನುಷ್ಯನ ಕರುಳಿನಲ್ಲೂ ನಡೆಯುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಫ್ಲೋರೈಡಿನ ಒಂದು ಪಾಲನ್ನು ಕಟ್ಟಿಹಾಕಿ ಮಲದೊಡನೆ ಹೊರಗೆ ಕಳಿಸುತ್ತದೆ. ಇಲ್ಲದಿದ್ದರೆ ಫ್ಲೋರೈಡ್ ಬೇಗ ರಕ್ತಕ್ಕೆ ಸೇರಿ, ಅಲ್ಲಿಂದ ಮೂಳೆಗೆ ಹೋಗುತ್ತದೆ. ಆದ್ದರಿಂದ ಒಂದೇ ಕೊಳವೆಬಾವಿಯ ನೀರು ಕುಡಿದ ಇಬ್ಬರಲ್ಲಿ ಒಬ್ಬನ ಬೆನ್ನು ಬಾಗಿ, ಇನ್ನೊಬ್ಬನದು ನೆಟ್ಟಗೆ ಉಳಿದಿದ್ದರೆ, ಅವರ ತಟ್ಟೆಯನ್ನೂ ನೋಡಬೇಕಾಗುತ್ತದೆ.

ಭಾರತದಲ್ಲಿ ಈ ರೋಗ ವೈದ್ಯಕೀಯ ದಾಖಲೆಗೆ ಬಂದದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ. ಶಾರ್ಟ್ ಮತ್ತು ಸಂಗಡಿಗರು ಅದನ್ನು ವಿವರಿಸಿದರು. ಆಹಾರದ ಎಳೆ ಗಟ್ಟಿಯಾಗಿ ಸೇರಿದ್ದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಿಂದ. ಫ್ಲೋರೋಸಿಸ್ ಪೀಡಿತ ಪ್ರದೇಶದ ಎಳೆಯರಲ್ಲಿ ಮಂಡಿಗಳು ಒಳಕ್ಕೆ ತಾಗುವ ವಿಕೃತಿಯನ್ನೂ ಮೂಳೆಸವೆತವನ್ನೂ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ 1973ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು. 1977ರಲ್ಲಿ ಲಕ್ಷ್ಮಯ್ಯ ಮತ್ತು ಶ್ರೀಕಂಠಯ್ಯ, ಅಕ್ಕಿಯ ಊಟಕ್ಕಿಂತ ಜೋಳದ ಊಟದಲ್ಲಿ ದೇಹ ಹೆಚ್ಚು ಫ್ಲೋರೈಡನ್ನು ಉಳಿಸಿಕೊಳ್ಳುತ್ತದೆ ಎಂದು ತೋರಿಸಿದರು. ಜೋಳದ ಫಲಿತಾಂಶವನ್ನು ರಾಗಿಯ ಮೇಲೆ ಹೊರಿಸುವಂತಿಲ್ಲ, ಎರಡರ ಖನಿಜಾಂಶ ಬೇರೆಬೇರೆ. ಆದರೆ ಮುಖ್ಯ ಧಾನ್ಯ ಯಾವುದು ಎಂಬ ಪ್ರಶ್ನೆ ಈ ರೋಗದಲ್ಲಿ ಗೌಣವಲ್ಲ ಎಂಬುದು ಅಂದೇ ಸ್ಪಷ್ಟವಾಯಿತು.

ರಾಗಿಗೆ ಬರೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ; ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ ಹತ್ತಕ್ಕಿಂತ ಕಡಿಮೆ. ಎರಡು ಹೊತ್ತಿಗೆ ಸೇರಿ 300 ಗ್ರಾಂ ಹಿಟ್ಟಿನ ಮುದ್ದೆ ಉಂಡ ರೈತನಿಗೆ ಲೆಕ್ಕದಲ್ಲಿ ಸಾವಿರ ಮಿಲಿಗ್ರಾಂ ದಾಟುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರಿಗೆ ದಿನಕ್ಕೆ ಹೇಳಿದ್ದೂ ಸಾವಿರವೇ. ಅದೇ 300 ಗ್ರಾಂ ಅಕ್ಕಿಯಾದರೆ ಮೂವತ್ತೂ ಮುಟ್ಟದು. ರೇಷನ್ ಅಕ್ಕಿ ಬಂದಮೇಲೆ ಎರಡು ಹೊತ್ತಿನ ಮುದ್ದೆ ಒಂದು ಹೊತ್ತಿಗಿಳಿದ ಮನೆಗಳಿವೆ. ಹಸಿವು ನೀಗಿದ ಅಕ್ಕಿಯನ್ನು ನಾನು ಹಳಿಯುತ್ತಿಲ್ಲ, ಆ ಬದಲಾವಣೆಗೆ ಫ್ಲೋರೈಡ್ ಸೀಮೆಯಲ್ಲಿ ಬೇರೆ ಊರಿಗಿಲ್ಲದ ಬೆಲೆಯಿದೆ ಎನ್ನುತ್ತಿದ್ದೇನೆ.

ರಾಗಿಯನ್ನು ಹಾಡಿ ಹೊಗಳುವವರು ಮಾತ್ರ ಎರಡು ಸಂಗತಿಗಳನ್ನು ಬಿಟ್ಟುಬಿಡುತ್ತಾರೆ. ಒಂದು, ರಾಗಿಯ ಫೈಟೇಟು ಮತ್ತು ಟ್ಯಾನಿನ್‌ಗಳು ಅದರ ಕ್ಯಾಲ್ಸಿಯಂ ಪೂರ್ತಿ ರಕ್ತಕ್ಕೆ ಸೇರಲು ಬಿಡುವುದಿಲ್ಲ. ನೆನೆಸಿ ಮೊಳಕೆ ಕಟ್ಟಿ ಬೀಸಿದರೆ, ಹಿಟ್ಟನ್ನು ಹುಳಿಸಿ ಅಂಬಲಿ ಕಾಸಿದರೆ ಈ ಅಡ್ಡಿ ತಗ್ಗುತ್ತದೆ. ಎರಡನೆಯದು ಇನ್ನೂ ಮುಖ್ಯ. ಮುದ್ದೆ ನೀರು ಹೀರುವ ಊಟ. ಒಂದು ಅಳತೆ ಹಿಟ್ಟಿಗೆ ಎರಡು, ಎರಡೂವರೆ ಅಳತೆ ಎಸರು. ಮೇಲೆ ಹೇಳಿದ 300 ಗ್ರಾಂ ಹಿಟ್ಟು ಮುಕ್ಕಾಲು ಲೀಟರಿನ ಹತ್ತಿರ ನೀರು ಕುಡಿಯುತ್ತದೆ. ಎರಡು ಹೊತ್ತಿನ ಸಾರು ಸೇರಿದರೆ ಒಂದು ಲೀಟರ್. ನಲ್ಲಿ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇದೆ ಎಂದಿಟ್ಟುಕೊಂಡರೆ, ಕ್ಯಾನಿನ ನೀರನ್ನಷ್ಟೇ ಕುಡಿದವನಿಗೂ ಊಟದಿಂದ ದಿನಕ್ಕೆ 3 ಮಿಲಿಗ್ರಾಂ ಸಂದಿತು. ಮಿತಿಯೊಳಗಿನ ನೀರನ್ನು ಮೂರು ಲೀಟರ್ ಕುಡಿದರೆ ಸಲ್ಲುವಷ್ಟು ಅದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ‘ಕಾಯಿಸಿದ ನೀರು’ ಎಂಬ ನಮ್ಮ ಸಾರ್ವತ್ರಿಕ ಆರೋಗ್ಯ ಬೋಧೆ ಕಾಲರಾಕ್ಕೆ ಸರಿ, ಇಲ್ಲಿ ನಿರುಪಯೋಗಿ.

ಇಂಥ ಕಡೆ ಆಹಾರತಜ್ಞೆಯ ಮೊದಲ ಕೆಲಸ ಕೇಳುವುದು. ಹಿಂದಿನ ಇಪ್ಪತ್ನಾಲ್ಕು ಗಂಟೆಗಳಲ್ಲಿ ಏನೇನು ಉಂಡಿರಿ ಎಂದು ಕೇಳಿ ಬರೆದುಕೊಳ್ಳುವುದು ಆ ವೃತ್ತಿಯ ಹಳೆಯ ಸಾಧನ. ನಮ್ಮ ಕಡೆ ಅದಕ್ಕೆ ಬರುವ ಉತ್ತರ ಎರಡೇ ಪದ: ‘ಮುದ್ದೆ, ಸಾರು.’ ಅಚ್ಚಾದ ನಮೂನೆ ಹಿಡಿದು ಕೂತವರು ಅಷ್ಟನ್ನೇ ಬರೆದುಕೊಂಡು ಮುಂದಿನ ರೋಗಿಯನ್ನು ಕರೆಯುತ್ತಾರೆ. ಬಲ್ಲವಳು ಅಲ್ಲಿಂದ ಶುರುಮಾಡುತ್ತಾಳೆ. ‘ಎಸರಿಗೆ ಯಾವ ನೀರು ಇಡ್ತೀರಮ್ಮಾ? ಸಾರು ಕಾಳಿಂದೋ ಸೊಪ್ಪಿಂದೋ? ಮಜ್ಜಿಗೆ ಉಂಟೋ, ಹಾಲೆಲ್ಲ ಡೈರಿಗೋ? ಟೀ ಎಷ್ಟು ಸಲ? ಎಲೆಅಡಿಕೆಗೆ ಹೊಗೆಸೊಪ್ಪು ಹಾಕ್ತೀರಾ?’ ಟೀ ಸೊಪ್ಪಿನಲ್ಲಿ ಫ್ಲೋರೈಡ್ ಸಹಜವಾಗಿಯೇ ಹೆಚ್ಚು. ಕಪ್ಪುಪ್ಪು, ಸೈಂಧವ ಲವಣ, ಅವು ಬೆರೆತ ಚೂರ್ಣಗಳು, ತಂಬಾಕು, ಅಡಿಕೆ ಇವನ್ನೂ ಫ್ಲೋರೋಸಿಸ್ ಸಂಶೋಧಕಿ ಎ.ಕೆ. ಸುಶೀಲಾ ಎಚ್ಚರಿಕೆಯ ಪಟ್ಟಿಯಲ್ಲಿಟ್ಟಿದ್ದಾರೆ.

ದೆಹಲಿಯಲ್ಲಿ ಫ್ಲೋರೋಸಿಸ್ ಸಂಶೋಧನೆಗೆ ಪ್ರತ್ಯೇಕ ಪ್ರತಿಷ್ಠಾನವನ್ನೇ ಕಟ್ಟಿದ ಸುಶೀಲಾ ಅವರ ವಿಧಾನಕ್ಕೆ ಎರಡು ಕಾಲು: ಫ್ಲೋರೈಡ್ ಬರುವ ದಾರಿಗಳನ್ನು ಹುಡುಕಿ ತೆಗೆಯುವುದು, ಕ್ಯಾಲ್ಸಿಯಂ, ಕಬ್ಬಿಣ, ವಿಟಮಿನ್ ಸಿ ಮುಂತಾದವನ್ನು ಊಟದಲ್ಲಿ ಸೇರಿಸುವುದು. ಆಹಾರ ಸಲಹೆಯೇ ಚಿಕಿತ್ಸೆಯಾದದ್ದಕ್ಕೆ ನಮಗಿರುವ ಒಳ್ಳೆಯ ಸಾಕ್ಷ್ಯ ಅವರ ತಂಡ 2010ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ಪ್ರಕಟಿಸಿದ ಅಧ್ಯಯನ. ಹಿಮೋಗ್ಲೋಬಿನ್ 9 ಗ್ರಾಂ ಅಥವಾ ಅದಕ್ಕಿಂತ ಕಡಿಮೆಯಿದ್ದು, ಮೂತ್ರದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಿದ್ದ 205 ಗರ್ಭಿಣಿಯರನ್ನು ಅವರು ಆರಿಸಿಕೊಂಡರು. 90 ಜನರಿಗೆ ಈ ಎರಡು ಕಾಲಿನ ಸಲಹೆ ಸಿಕ್ಕಿತು; 115 ಜನ ಹೋಲಿಕೆಯ ಗುಂಪು. ಸಲಹೆ ಪಡೆದ ಗುಂಪಿನಲ್ಲಿ ಮೂತ್ರದ ಫ್ಲೋರೈಡ್ ಇಳಿಯಿತು, ಹಿಮೋಗ್ಲೋಬಿನ್ ಏರಿತು, ತೂಕ ಕಡಿಮೆಯ ಮಕ್ಕಳು ಹುಟ್ಟುವುದೂ ತಗ್ಗಿತು. ಫ್ಲೋರೈಡ್ ಕರುಳಿನ ಒಳಪದರವನ್ನು ಕೆಡಿಸಿ ಪೋಷಕಾಂಶ ಹೀರದಂತೆ ಮಾಡುತ್ತದೆ ಎಂಬುದು ಅವರ ವಿವರಣೆ. ಕಬ್ಬಿಣದ ಮಾತ್ರೆ ನುಂಗಿಯೂ ರಕ್ತ ಏರದ ಬಸುರಿಯರನ್ನು ಕಂಡ ನಮ್ಮ ಆಶಾ ಕಾರ್ಯಕರ್ತೆಯರಿಗೆ ಈ ವಿವರಣೆ ಮುಟ್ಟಬೇಕು.

ಈ ಸೀಮೆಗೇ ಸಲ್ಲುವ ಇನ್ನೊಂದು ವಸ್ತು ಹುಣಸೆ. ಹೊಲದ ಬದುವಿನಲ್ಲಿ, ರಸ್ತೆಯ ಅಂಚಿನಲ್ಲಿ ಹುಣಸೆ ಮರವಿಲ್ಲದ ಊರು ಇಲ್ಲಿ ವಿರಳ; ತುಮಕೂರಿನ ಮಾರುಕಟ್ಟೆ ಹುಣಸೆಹಣ್ಣಿಗೆ ಹೆಸರುವಾಸಿ. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಖಂಡಾರೆ ಮತ್ತು ಸಂಗಡಿಗರು ಹುಡುಗರಿಗೆ ದಿನಕ್ಕೆ 10 ಗ್ರಾಂ ಹುಣಸೆಯನ್ನು 18 ದಿನ ಕೊಟ್ಟು ನೋಡಿದರು. ಮೂತ್ರದಲ್ಲಿ ಹೊರಬೀಳುವ ಫ್ಲೋರೈಡ್ ದಿನಕ್ಕೆ 3.5 ಮಿಲಿಗ್ರಾಂನಿಂದ 4.8ಕ್ಕೆ ಏರಿತು ಎಂದು 2002ರಲ್ಲಿ ಪ್ರಕಟಿಸಿದರು. ಸತು ಮತ್ತು ಮೆಗ್ನೀಸಿಯಂ ಹೊರಹೋಗುವುದು ಕಡಿಮೆಯಾಯಿತು. ಫ್ಲೋರೈಡ್ ತೆಗೆದ ನೀರಿನ ಜೊತೆಗೆ ಹುಣಸೆಯೂ ಇದ್ದರೆ ಹೆಚ್ಚಿನ ಪ್ರಯೋಜನವಿದೆ ಎಂದು 2004ರಲ್ಲಿ ಮತ್ತೆ ತೋರಿಸಿದರು. ‘ಜೊತೆಗೆ’ ಎಂಬುದನ್ನು ಒತ್ತಿ ಓದಬೇಕು. ಕೆಟ್ಟ ನೀರಿನಲ್ಲಿ ಹುಣಸೆ ಕಿವುಚಿ ಸಾರು ಮಾಡಿ ಔಷಧ ಕುಡಿದೆವೆಂದುಕೊಂಡರೆ ಸಾಲದು. ಹುಣಸೆ ಟೊಮೇಟೊಗೆ ಜಾಗ ಬಿಟ್ಟುಕೊಟ್ಟಿರುವ ಅಡುಗೆಮನೆಗಳಲ್ಲಿ ಅದನ್ನು ಹಿಂದಕ್ಕೆ ಕರೆಯುವುದು ಮಾತ್ರ ಖರ್ಚಿಲ್ಲದ ಸಲಹೆ. ಬಸ್ಸಾರಿನ ಮಾತೂ ಅಷ್ಟೆ: ಸೊಪ್ಪು, ಕಾಳು ಬೆಂದ ನೀರನ್ನು ಚೆಲ್ಲದೆ ಸಾರಿಗೆ ಬಳಸುವ ಈ ಜಾಣತನ ಖನಿಜಾಂಶಗಳನ್ನು ಉಳಿಸುತ್ತದೆ, ನೀರು ಒಳ್ಳೆಯದಾಗಿದ್ದರೆ. ಹುಚ್ಚೆಳ್ಳು, ಎಳ್ಳಿನ ಚಟ್ನಿಪುಡಿ, ಹುರುಳಿ, ನುಗ್ಗೆಸೊಪ್ಪು, ಮೇಲೊಂದಿಷ್ಟು ನಿಂಬೆ ಅಥವಾ ನೆಲ್ಲಿ ಯಾವುದೂ ಪೇಟೆಯಿಂದ ತರಬೇಕಾದ್ದಲ್ಲ.

ಇಷ್ಟೇ ಆಗಿದ್ದರೆ ಗೋಡೆಯ ಮೇಲೆ ಬರೆಸಿದರೆ ಸಾಕಿತ್ತು, ತಜ್ಞರೇಕೆ ಎಂದು ಕೇಳಬಹುದು. ಮೂತ್ರಪಿಂಡ ಸೋತ ರೋಗಿಯನ್ನು ನೋಡಿ. ದೇಹದಿಂದ ಫ್ಲೋರೈಡ್ ಹೊರಹೋಗುವ ಮುಖ್ಯ ದಾರಿ ಮೂತ್ರಪಿಂಡವೇ. ಅದು ಸೋತವನ ಮೈಯಲ್ಲಿ ಫ್ಲೋರೈಡ್ ಹೆಚ್ಚು ನಿಲ್ಲುತ್ತದೆ. ಆದರೆ ಫ್ಲೋರೋಸಿಸ್‌ಗೆ ಹೇಳುವ ಸೊಪ್ಪು, ಕಾಳು, ರಾಗಿ, ಹುಣಸೆಗಳಲ್ಲಿ ಪೊಟ್ಯಾಸಿಯಂ ಅಥವಾ ರಂಜಕ ಹೆಚ್ಚಿರುವುದರಿಂದ, ಅವೇ ಅವನಿಗೆ ಅಪಾಯವಾಗಬಲ್ಲವು. ಸಕ್ಕರೆ ಕಾಯಿಲೆಯವನ ತೊಡಕು ಬೇರೆ. ‘ಶುಗರ್‌ಗೆ ಮುದ್ದೆ ಒಳ್ಳೇದು’ ಎಂಬ ಮಾತನ್ನು ಅವನು ‘ಎಷ್ಟಾದರೂ ಉಣ್ಣಬಹುದು’ ಎಂದು ಕೇಳಿಸಿಕೊಂಡಿರುತ್ತಾನೆ. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆ ರಕ್ತದ ಸಕ್ಕರೆಯನ್ನು ಏರಿಸಿಯೇ ಏರಿಸುತ್ತದೆ. ಒಂದೇ ಮನೆಯಲ್ಲಿ ಅಜ್ಜನಿಗೆ ಮೂತ್ರಪಿಂಡ, ಮಗನಿಗೆ ಸಕ್ಕರೆ, ಸೊಸೆಗೆ ರಕ್ತಹೀನತೆ, ಮೊಮ್ಮಗನ ಹಲ್ಲಿನಲ್ಲಿ ಕಂದು ಗೆರೆ, ಪಾತ್ರೆ ಒಂದೇ. ಆ ಒಂದು ಪಾತ್ರೆಯಿಂದ ನಾಲ್ಕು ತಟ್ಟೆ ಬಡಿಸುವುದು ಹೇಗೆಂದು ಹೇಳಲು ತರಬೇತಿ ಬೇಕು.

ಇನ್ನೊಂದು ಅಡ್ಡಿ ನಮ್ಮ ಮಾತಿನಲ್ಲೇ ಇದೆ. ‘ಪಥ್ಯ’ ಎಂದರೆ ನಮ್ಮವರಿಗೆ ಬಿಡುವುದು: ಬದನೆಕಾಯಿ ಬಿಡು, ಹುಳಿ ಬಿಡು. ಮದ್ದು ಕೊಟ್ಟ ಮೇಲೆ ‘ಪಥ್ಯ ಏನಾದರೂ ಇದೆಯಾ?’ ಎಂದು ಕೇಳದ ರೋಗಿಯಿಲ್ಲ. ಫ್ಲೋರೋಸಿಸ್‌ನ ಪಥ್ಯದಲ್ಲಿ ಬಿಡುವುದಕ್ಕಿಂತ ಸೇರಿಸುವುದು ಹೆಚ್ಚು, ಅದೂ ಬೆಲೆ ಕಡಿಮೆಯೆಂದು ಮನೆಯಿಂದ ಸರಿದ ಪದಾರ್ಥಗಳನ್ನು. ಆಹಾರತಜ್ಞರೂ ಪ್ರಾಮಾಣಿಕರಾಗಿರಬೇಕು. ಬಾಗಿದ ಮೂಳೆಯನ್ನು ಯಾವ ಊಟವೂ ನೆಟ್ಟಗೆ ಮಾಡುವುದಿಲ್ಲ, ಕಂದಿದ ಹಲ್ಲು ಬೆಳ್ಳಗಾಗುವುದಿಲ್ಲ. ಕೀಲುನೋವು, ಹೊಟ್ಟೆಯ ತೊಂದರೆ, ರಕ್ತಹೀನತೆಯ ಹಂತದಲ್ಲಿ ಸಿಕ್ಕವರಿಗೆ ಪ್ರಯೋಜನವಿದೆ. ಹಲ್ಲು ಇನ್ನೂ ರೂಪುಗೊಳ್ಳುತ್ತಿರುವ ಮಕ್ಕಳಿಗೆ ಎಲ್ಲಕ್ಕಿಂತ ಹೆಚ್ಚು.

ಕೇಂದ್ರ ಸರ್ಕಾರದ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮ 2008–09ರಲ್ಲಿ ಶುರುವಾಯಿತು. ಆಹಾರತಜ್ಞರನ್ನು ಆರೋಗ್ಯ ವೃತ್ತಿಪರರೆಂದು ಗುರುತಿಸುವ ಕಾಯ್ದೆ 2021ರಲ್ಲಿ ಬಂತು. ಎರಡರ ನಡುವೆ ತಾಲ್ಲೂಕು ಆಸ್ಪತ್ರೆಯ ಒಂದು ಮೇಜು, ಒಂದು ಕುರ್ಚಿ ಬೇಕಾಗಿದೆ. ಅದು ಬರುವ ತನಕ ಕಾಯಬೇಕಾಗಿಲ್ಲ. ಈ ನಾಲ್ಕು ತಾಲ್ಲೂಕುಗಳಲ್ಲಿ ಹೊರರೋಗಿ ಚೀಟಿ ಬರೆಯುವ ವೈದ್ಯರು, ಬಸುರಿಯರಿಗೆ ಊಟ ಬಡಿಸುವ ಅಂಗನವಾಡಿ ಕಾರ್ಯಕರ್ತೆಯರು, ಶಾಲೆಯ ಬಿಸಿಯೂಟ ನೋಡಿಕೊಳ್ಳುವ ಶಿಕ್ಷಕರು ಇಂದಿನಿಂದಲೇ ಒಂದು ಪ್ರಶ್ನೆ ಕೇಳಲಿ, ಉತ್ತರವನ್ನು ಬರೆದಿಡಲಿ: ಅಡುಗೆಗೆ ಯಾವ ನೀರು?